ಮಳೆಯಂತ್ರ ನೆಟ್ಟರು, ನೋಡಿಕೊಳ್ಳುವವರು ಯಾರು?



ನಾನು ವಾಸವಾಗಿರುವುದು ಹುಬ್ಬಳ್ಳಿ-ಧಾರವಾಡಗಳ ನಡುವಿನ ನವನಗರದಲ್ಲಿ. ಅಮರಗೋಳದ ಮಾರುಕಟ್ಟೆ ಪ್ರಾಂಗಣ ಇಲ್ಲಿಗೆ ಸಮೀಪ. ಮಾಲು ತಂದ ಪರಿಚಯದ ರೈತರು ತೂಕ ಮುಗಿಸಿ, ಪಟ್ಟಿ ಕೈಗೆ ಬಂದ ಮೇಲೆ ಒಮ್ಮೊಮ್ಮೆ ನಮ್ಮ ಮನೆಗೆ ಬಂದು ಚಹಾ ಕುಡಿದು, ನಾಲ್ಕು ಮಾತಾಡಿ ಬಸ್ಸು ಹತ್ತುವುದುಂಟು. ಹೋದ ವರ್ಷ ಆಷಾಢದ ಒಂದು ಸಂಜೆ, ಕಾದಿಟ್ಟ ಕಡಲೆ ಮಾರಿ ಬಂದ ಹಿರಿಯರೊಬ್ಬರು ಕೂಡುತ್ತಲೇ ಕೇಳಿದರು:

“ಸಾಹೇಬ್ರ, ಹೋದ ಮಂಗಳವಾರ ನಮ್ಮೂರಾಗ ಹಳ್ಳ ಬಂದು ನನ್ನ ಹೊಲದ ಒಡ್ಡು ಒಡದು ಹೋಗೇತಿ. ಪಂಚಾಯತಿ ಮುಂದಿನ ಮಷೀನು ಅವತ್ತ ಮಳೀನ ಆಗಿಲ್ಲ ಅಂತೈತಂತ. ಹಂಗಾರ ಆ ನೀರು ಎಲ್ಲಿಂದ ಬಂತ್ರಿ?”

ನಾನು ಯಂತ್ರದ ಪಕ್ಷ ವಹಿಸಿದೆ. “ಯಜಮಾನ್ರ, ಮಳಿ ಅನ್ನೂದು ಒಂದು ಹೊಲಕ್ಕ ಬಿದ್ದು ಬಾಜೂ ಹೊಲಕ್ಕ ಬೀಳದ ಇರೂದು ನಿಮಗ ಗೊತ್ತಿಲ್ಲೇನ್ರಿ? ಮ್ಯಾಲಿನ ಊರಾಗ ಬಿದ್ದಿರಬೇಕು” ಎಂದೆ. ಅವರು ಮಾತಿಗೆ ಮಾತು ಬೆಳೆಸಲಿಲ್ಲ. ಚೀಲದಿಂದ ಶಾಲೆಯ ಒಂದು ನೋಟ್‌ಬುಕ್ಕು ತೆಗೆದು ನನ್ನ ಮುಂದಿಟ್ಟರು. ಮನೆಯ ಮಾಳಿಗೆಯ ಮೇಲೆ ನೇರ ಅಂಚಿನ ಒಂದು ಡಬ್ಬಿ ಇಟ್ಟು, ದಿನಾ ಬೆಳಿಗ್ಗೆ ಅದರಲ್ಲಿ ನಿಂತ ನೀರಿಗೆ ಮೊಮ್ಮಗಳಿಂದ ಅಳತೆಪಟ್ಟಿ ಹಿಡಿಸಿ ಬರೆಸಿದ ಲೆಕ್ಕ ಅದು. ಆ ದಿನದ ಎದುರಿಗೆ 41 ಮಿಲಿಮೀಟರ್ ಎಂದಿತ್ತು.

ಎರಡು ದಿನ ಬಿಟ್ಟು ಆ ಊರಿಗೆ ಹೋದೆ. ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗಳನ್ನು ಕರೆದುಕೊಂಡು, ಏಣಿ ಇಟ್ಟು ಮೇಲಿಂದ ಇಣುಕಿ ನೋಡಿದರೆ ಯಂತ್ರದ ಲಾಳಿಕೆಯಲ್ಲಿ ಬೇವಿನ ಎಲೆ, ಹಕ್ಕಿಯ ಹಿಕ್ಕೆ, ಹಿಕ್ಕೆಯೊಳಗಿನ ಬೀಜ ಎಲ್ಲ ಸೇರಿ ಕೆಸರಾಗಿ ಕೂತಿವೆ. ಮೇಲೆ ಇನ್ನೂ ನಾಲ್ಕು ಬೆರಳು ನೀರು ನಿಂತಿದೆ. ತೂತು ಕಟ್ಟಿ ಹೋದ ಲಾಳಿಕೆ ತುಂಬಿ, ಅಂಚಿನ ಮೇಲೆ ಹರಿದು ಹೋದ ಮಳೆಯನ್ನು ಯಂತ್ರ ನೋಡಿಯೇ ಇಲ್ಲ. ಆಮೇಲೆ ಅದರ ಲೆಕ್ಕ ತೆಗೆಸಿ ನೋಡಿದಾಗ ಇನ್ನೊಂದು ಚೋದ್ಯ ಕಂಡಿತು. ಮಳೆ ಸುರಿದ ಮಂಗಳವಾರ ಸೊನ್ನೆ. ನಿಚ್ಚಳ ಬಿಸಿಲು ಬಿದ್ದ ಬುಧವಾರ, ಗುರುವಾರ ಮಾತ್ರ ತಾಸಿಗೊಮ್ಮೆ ಎರಡು ತಾಸಿಗೊಮ್ಮೆ ಒಂದಿಷ್ಟು ಹನಿ ಮಳೆ! ಕೆಸರಿನ ನಡುವೆ ಜಿನುಗಿ ಇಳಿದ ನೀರನ್ನೇ ಅದು ಮಳೆ ಎಂದು ಎಣಿಸಿತ್ತು.

ಹಿರಿಯರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ಆದರೆ ವಿಷಯ ಅಷ್ಟಕ್ಕೆ ಮುಗಿಯುವಂಥದಲ್ಲ. ಅದಕ್ಕೇ ಈ ಬರಹ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಒಳ್ಳೆಯ ಹೆಸರಿದೆ. 1988ರಲ್ಲಿ ಬರ ಉಸ್ತುವಾರಿ ಕೋಶ ಎಂದು ಆರಂಭವಾದ ಸಂಸ್ಥೆಯೇ ಇಂದು ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಇಂಥ ಪ್ರಯತ್ನ ದೇಶದಲ್ಲೇ ಮೊದಲನೆಯದು. ಗ್ರಾಮ ಪಂಚಾಯತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಎಂದು ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಯಂತ್ರಗಳು ನಿಂತಿವೆ. ಬಿಸಿಲಿನಿಂದ ವಿದ್ಯುತ್ ಮಾಡಿಕೊಂಡು, ಮೊಬೈಲ್ ಜಾಲದ ಮೂಲಕ ಹದಿನೈದು ನಿಮಿಷಕ್ಕೊಮ್ಮೆ ಸುದ್ದಿ ಕಳಿಸುವ ಯಂತ್ರಗಳಿವು. ಹಿಂದೆ ತಾಲೂಕಿಗೆ ಒಂದೋ ಎರಡೋ ಮಳೆಮಾಪಕ ಇದ್ದಾಗ, ಕುಂದಗೋಳದಲ್ಲಿ ಬಿದ್ದ ಮಳೆಯನ್ನು ಸಂಶಿಗೂ ಹಚ್ಚಿ ಲೆಕ್ಕ ಬರೆಯುತ್ತಿದ್ದರು. ಆ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆಯೇ. 2023ರಲ್ಲಿ ಕೇಂದ್ರ ಸರಕಾರವೂ ‘ವಿಂಡ್ಸ್’ ಎಂಬ ಹೆಸರಿನಲ್ಲಿ ದೇಶದ ಎಲ್ಲ ಕಡೆ ಇಂಥ ಯಂತ್ರ ಹಾಕುವ ಕಾರ್ಯಕ್ರಮ ಕೈಗೊಂಡಿತು. ಅಂದರೆ ಇನ್ನು ಮುಂದೆ ಯಂತ್ರಗಳು ಹೆಚ್ಚುವುವೇ ಹೊರತು ಕಡಿಮೆಯಾಗುವುದಿಲ್ಲ.

ಯಂತ್ರ ಒಂದು ದಿನ ತಪ್ಪು ಹೇಳಿದರೆ ರೈತನಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಹವಾಮಾನ ಆಧಾರಿತ ಬೆಳೆವಿಮೆಯನ್ನು ನೆನಪಿಸಿಕೊಳ್ಳಿ. 2007ರ ಮುಂಗಾರಿನಲ್ಲಿ ಈ ವಿಮೆ ದೇಶದಲ್ಲಿ ಮೊದಲು ಪ್ರಯೋಗವಾದದ್ದು ಕರ್ನಾಟಕದಲ್ಲೇ. 2016ರಿಂದ ಹೊಸ ರೂಪದಲ್ಲಿ ನಡೆದಿದೆ. ನಮ್ಮ ಜಿಲ್ಲೆಯ ಮಾವಿನ ತೋಟದವರು ಇದಕ್ಕೆ ಕಂತು ಕಟ್ಟುತ್ತಾರೆ. ಬೇರೆ ವಿಮೆಯಲ್ಲಿ ಬೆಳೆ ಕೊಯ್ದು ತೂಗಿ ನೋಡುವ ಪದ್ಧತಿಯಾದರೂ ಇದೆ. ಇದರಲ್ಲಿ ಯಾರೂ ನಿಮ್ಮ ಹೊಲಕ್ಕೆ ಬರುವುದಿಲ್ಲ, ಪಂಚನಾಮೆ ಮಾಡುವುದಿಲ್ಲ. ಮಳೆ ಇಷ್ಟು ಬಿತ್ತು, ಇಷ್ಟು ದಿನ ಬೀಳಲಿಲ್ಲ, ಉಷ್ಣತೆ ಇಷ್ಟಕ್ಕೆ ಏರಿತು ಎಂದು ಯಂತ್ರ ಹೇಳಿದ್ದೇ ಸಾಕ್ಷಿ, ಅದೇ ತೀರ್ಪು. ಹೂ ಬಿಟ್ಟ ಆಪೂಸಿನ ಮೇಲೆ ಅಕಾಲ ಮಳೆ ಸುರಿದ ರಾತ್ರಿ ಯಂತ್ರ ಸೊನ್ನೆ ಬರೆದರೆ, ಆ ತೋಟದವನ ಪಾಲಿಗೆ ಆ ಮಳೆ ಬಿದ್ದೇ ಇಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಮಳೆ ಕೊರತೆಗೆ ಪರಿಹಾರ ಸಿಗುವಂತಿದ್ದಾಗ ಇದೇ ಸುಳ್ಳು ಸೊನ್ನೆ ರೈತನಿಗೆ ಲಾಭ. ಆಗ ಊರಲ್ಲಿ ಯಾರೂ ಮಾತಾಡುವುದಿಲ್ಲ. ಆದರೆ ಲಾಳಿಕೆಯ ಕಸಕ್ಕೆ ಬರ ಯಾವುದು, ಅತಿವೃಷ್ಟಿ ಯಾವುದು ಎಂಬುದು ತಿಳಿಯದು. ಈ ಹಂಗಾಮಿಗೆ ಸುಮ್ಮನಿದ್ದವರು ಮುಂದಿನ ಹಂಗಾಮಿಗೆ ಬಾಯಿ ಬಡಿದುಕೊಂಡರೆ ಅಧಿಕಾರಿಗಳು ನಂಬುವುದಾದರೂ ಹೇಗೆ?

ಯಂತ್ರದ ಒಳಗೇನಿದೆ ಎಂಬುದು ತಿಳಿದರೆ ರೋಗ ಕಂಡುಹಿಡಿಯುವುದು ಕಷ್ಟವಲ್ಲ. ಲಾಳಿಕೆಯಿಂದ ಇಳಿದ ನೀರು ಏರಿಳಿ ಹಲಗೆಯಂತೆ ಜೋಡಿಸಿದ ಎರಡು ಪುಟ್ಟ ಬಟ್ಟಲುಗಳ ಪೈಕಿ ಒಂದಕ್ಕೆ ಬೀಳುತ್ತದೆ. ಅದು ತುಂಬಿದೊಡನೆ ವಾಲಿ ನೀರು ಚೆಲ್ಲಿ, ಇನ್ನೊಂದು ಮೇಲೆ ಬರುತ್ತದೆ. ಹೀಗೆ ವಾಲಿದಾಗಲೊಮ್ಮೆ ಅದಕ್ಕೆ ಕೂಡಿಸಿದ ಅಯಸ್ಕಾಂತ ಸಣ್ಣ ಸ್ವಿಚ್ಚೊಂದರ ಮುಂದೆ ಹಾಯುತ್ತದೆ, ಯಂತ್ರ ಒಂದು ಎಣಿಸುತ್ತದೆ. ಒಂದು ಎಣಿಕೆ ಎಂದರೆ ಯಂತ್ರದ ತಯಾರಿಕೆಗೆ ತಕ್ಕಂತೆ 0.2 ಅಥವಾ 0.5 ಮಿಲಿಮೀಟರ್ ಮಳೆ. ಅಷ್ಟೇ ಇದರ ಗುಟ್ಟು. ಬಟ್ಟಲಿನ ಕೀಲಿಗೆ ಜೇಡ ಬಲೆ ಕಟ್ಟಿದರೆ, ಇರುವೆ ಗೂಡು ಮಾಡಿದರೆ, ಮಣ್ಣಿನ ಮನೆ ಕಟ್ಟುವ ಕಣಜ ಒಳಹೊಕ್ಕರೆ ಬಟ್ಟಲು ವಾಲುವುದಿಲ್ಲ, ಎಣಿಕೆಯೂ ಇಲ್ಲ. ಕಂಬ ಓರೆಯಾದರೂ ಅಳತೆ ತಪ್ಪುತ್ತದೆ. ಬಿರುಮಳೆ ಹೊಡೆಯುವಾಗ ಬಟ್ಟಲು ವಾಲುವಷ್ಟರಲ್ಲಿ ಸ್ವಲ್ಪ ನೀರು ಲೆಕ್ಕ ತಪ್ಪಿಸಿಕೊಂಡು ಹೋಗುವುದು ಒಳ್ಳೆಯ ಯಂತ್ರದಲ್ಲೂ ಉಂಟು. ಡಬ್ಬಿಯ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ಜಗಳಕ್ಕೆ ಹೋಗಬೇಕಿಲ್ಲ.

ಹೋಬಳಿಯ ಹವಾಮಾನ ಕೇಂದ್ರದಲ್ಲಿ ಮಳೆಯ ಜೊತೆಗೆ ಉಷ್ಣತೆ, ತೇವಾಂಶ, ಗಾಳಿಯನ್ನೂ ಅಳೆಯುತ್ತಾರೆ. ಒಂದರ ಮೇಲೊಂದು ತಟ್ಟೆ ಮಗುಚಿದಂತೆ ಕಾಣುವ ಬಿಳಿಯ ಗೂಡಿನೊಳಗೆ ಉಷ್ಣತೆಯ ಕಡ್ಡಿ ಇರುತ್ತದೆ. ಆ ಗೂಡಿಗೆ ಧೂಳು ಮೆತ್ತಿ ಬಿಳಿ ಬಣ್ಣ ಕಂದಾದರೆ ಬಿಸಿಲು ಹೀರಿ ಇದ್ದುದಕ್ಕಿಂತ ಹೆಚ್ಚು ಶಕೆ ತೋರಿಸುತ್ತದೆ. ಗಾಳಿ ಬೀಸಿ ಬೇವಿನ ಮರ ತೂಗುತ್ತಿದ್ದರೂ ಗಾಳಿಯ ಬಟ್ಟಲು ತಿರುಗದಿದ್ದರೆ ಅದರ ಬೇರಿಂಗು ಹಿಡಿದಿದೆ ಎಂದು ತಿಳಿಯಿರಿ. ತೇವಾಂಶ ಮಟಮಟ ಮಧ್ಯಾಹ್ನವೂ ನೂರಕ್ಕೆ ನೂರು ಎಂದು ಬರುತ್ತಿದ್ದರೆ, ಯಾವುದೇ ಅಂಕಿ ಮೂರು ದಿನ ಕದಲದೆ ಒಂದೇ ಆಗಿದ್ದರೆ ಆ ಅಂಕಿಯನ್ನು ನಂಬಬೇಡಿ. ಪದವಿಗೆ ಓದುತ್ತಿದ್ದ ಕಾಲದಲ್ಲಿ ನಮಗೆ ಒಣ ಮತ್ತು ಒದ್ದೆ ತಾಪಮಾಪಕಗಳನ್ನು ಓದುವ ಪಾಠವಿತ್ತು. ಒದ್ದೆಯದಕ್ಕೆ ಸುತ್ತಿದ ಬಟ್ಟೆ ಒಣಗಿತ್ತು. ಎರಡೂ ಒಂದೇ ಅಂಕಿ ತೋರಿಸುತ್ತಿದ್ದವು. ನಾನು ಹಾಗೆಯೇ ಬರೆದುಕೊಟ್ಟೆ. ಗುರುಗಳು ಪುಸ್ತಕ ನೋಡಿ, “ಹೊರಗ ಮಂಜು ಬಿದ್ದೈತೇನೋ ತಮ್ಮಾ?” ಎಂದು ಕೇಳಿದರು. ಸುಡುಬಿಸಿಲಿನ ದಿನ ಅದು. ಯಂತ್ರಕ್ಕೆ ಹಾಗೆ ಕೇಳುವ ಗುರುಗಳಿಲ್ಲ.

ಈಗ ವಿದ್ಯುತ್ತಿನ ವಿಷಯ. ಇದನ್ನು ಟ್ರ್ಯಾಕ್ಟರ್ ಇಟ್ಟವರು, ಕಲಘಟಗಿ ಕಡೆ ಹಂದಿಗೆಂದು ಸೋಲಾರ್ ಬೇಲಿ ಹಾಕಿದವರು ಬೇಗ ತಿಳಿಯಬಲ್ಲರು. ಕಂಬದ ಮೇಲಿನ ಸೋಲಾರ್ ಫಲಕ ಹಗಲು ಬ್ಯಾಟರಿ ತುಂಬಿಸುತ್ತದೆ; ರಾತ್ರಿ ಯಂತ್ರ ಬ್ಯಾಟರಿಯ ಮೇಲೆ ನಡೆಯುತ್ತದೆ. ನಿಮ್ಮೂರಿನ ಯಂತ್ರದ ಸುದ್ದಿ ಹಗಲು ಬಂದು ರಾತ್ರಿ ನಿಲ್ಲುತ್ತಿದ್ದರೆ, ಬೆಳಿಗ್ಗೆ ಬಿಸಿಲು ಏರಿದ ಮೇಲೆ ಮತ್ತೆ ಶುರುವಾಗುತ್ತಿದ್ದರೆ, ಬ್ಯಾಟರಿ ಸತ್ತಿದೆ ಎಂದು ಪೆಟ್ಟಿಗೆ ತೆರೆಯದೆಯೇ ಹೇಳಬಹುದು. ಹಗಲು ಅದು ಫಲಕದ ಬಲದ ಮೇಲೆಯೇ ನಿಂತಿರುತ್ತದೆ. ಇಂಥ ಯಂತ್ರ ಬೇಸಿಗೆಯಲ್ಲಿ ಚೆನ್ನಾಗಿಯೇ ಇದ್ದಂತೆ ಕಾಣುತ್ತದೆ. ಪುನರ್ವಸು, ಪುಷ್ಯ ಮಳೆಗಳಲ್ಲಿ ಎಂಟು ಹತ್ತು ದಿನ ಸೂರ್ಯನ ಮುಖ ಕಾಣದ ಜಿಟಿಜಿಟಿ ಹಿಡಿಯಿತೆನ್ನಿ, ಯಂತ್ರ ಮಲಗಿಬಿಡುತ್ತದೆ. ಮಳೆ ಅಳೆಯಲೆಂದು ನೆಟ್ಟದ್ದು ಮಳೆ ಹಿಡಿದಾಗಲೇ ಮಲಗುವುದು! ನನ್ನ ಮಟ್ಟಿಗೆ ಇಡೀ ಏರ್ಪಾಡಿನ ಅತಿ ದೊಡ್ಡ ದೋಷ ಇದೇ.

ಹನ್ನೆರಡು ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿದ್ದರೆ ವಿಶ್ರಾಂತಿಯಲ್ಲಿ 12.7ರ ಆಸುಪಾಸು ತೋರಿಸಬೇಕು. 12.2ಕ್ಕೆ ಬಂದರೆ ಅರ್ಧ ಖಾಲಿ. 11.8ಕ್ಕೆ ಇಳಿದರೆ ಬರಿದಾದಂತೆಯೇ. ಈ ಅಳತೆಯನ್ನು ನಸುಕಿನಲ್ಲಿ, ಬಿಸಿಲು ಫಲಕಕ್ಕೆ ತಾಗುವ ಮುಂಚೆ ತೆಗೆಯಬೇಕು. ಮಧ್ಯಾಹ್ನ ತೆಗೆದ ಅಳತೆ ಫಲಕದ ಅಳತೆಯೇ ಹೊರತು ಬ್ಯಾಟರಿಯದಲ್ಲ. ದುರಸ್ತಿಗೆ ಬಂದವರು ಹನ್ನೆರಡು ಗಂಟೆಗೆ ಮೀಟರ್ ಹಿಡಿದು “ಬ್ಯಾಟರಿ ಬರೋಬರಿ ಐತಿ” ಎಂದು ಬರೆದು ಹೋಗುವುದನ್ನು ನಾನು ಕಂಡಿದ್ದೇನೆ. ಮಧ್ಯಾಹ್ನದ ಅಳತೆಯಿಂದ ಬೇರೆಯೇ ಉಪಯೋಗವಿದೆ. ಒಳ್ಳೆಯ ಬಿಸಿಲಿನಲ್ಲಿ ಬ್ಯಾಟರಿಯ ಮೇಲೆ ಹದಿಮೂರೂವರೆಗೆ ಮೇಲ್ಪಟ್ಟು ತೋರಿಸದಿದ್ದರೆ ಫಲಕಕ್ಕೆ ಧೂಳು ಹಿಡಿದಿದೆ, ಇಲ್ಲವೆ ತಂತಿ ಸಡಿಲಾಗಿದೆ, ಇಲ್ಲವೆ ನಡುವಿನ ಚಾರ್ಜ್ ನಿಯಂತ್ರಕ ಕೆಟ್ಟಿದೆ. ತಂತಿ ಬಿಚ್ಚಿ ಫಲಕವನ್ನಷ್ಟೇ ಅಳೆದರೆ ಇಪ್ಪತ್ತು ವೋಲ್ಟಿನ ಆಸುಪಾಸು ಬರಬೇಕು; ಬಂದರೆ ಫಲಕ ನೆಟ್ಟಗಿದೆ, ಮುಂದಿನದನ್ನು ನೋಡಬೇಕು.

ಟ್ರ್ಯಾಕ್ಟರಿನ ಹಾರ್ನು ಬಡಿಯುತ್ತದೆ, ದೀಪ ಉರಿಯುತ್ತದೆ, ಆದರೆ ಸೆಲ್ಫ್ ಎತ್ತುವುದಿಲ್ಲ. ಇದು ನಿಮ್ಮೆಲ್ಲರ ಅನುಭವ. ಈ ಯಂತ್ರದಲ್ಲೂ ಹಾಗೆಯೇ. ಅಳೆಯುವುದಕ್ಕೆ ಬೇಕಾಗುವ ವಿದ್ಯುತ್ ಬಹಳ ಕಡಿಮೆ. ಮೊಬೈಲ್ ಜಾಲಕ್ಕೆ ಸುದ್ದಿ ಕಳಿಸುವ ಗಳಿಗೆಯಲ್ಲಿ ಮಾತ್ರ ಒಮ್ಮೆಲೇ ಹೆಚ್ಚು ಎಳೆಯುತ್ತದೆ. ಮುದಿ ಬ್ಯಾಟರಿ ಆ ಎಳೆತಕ್ಕೆ ಕುಸಿದು ಯಂತ್ರ ಆರಿ ಮತ್ತೆ ಹೊತ್ತುತ್ತದೆ. ನೋಡಿದವರು ನೆಟ್‌ವರ್ಕ್ ಇಲ್ಲ ಎಂದು ಕಂಪನಿಯ ಗೋಪುರವನ್ನು ಬಯ್ಯುತ್ತಾರೆ. ನಿಜವಾಗಿ ನೆಟ್‌ವರ್ಕ್ ಹೋಗಿದ್ದರೆ, ನೆನಪಿನ ಕೋಶವಿರುವ ಯಂತ್ರಗಳು ಜಾಲ ಮರಳಿದ ಮೇಲೆ ಹಿಂದಿನ ಲೆಕ್ಕವನ್ನೆಲ್ಲ ಒಟ್ಟಿಗೆ ಕಳಿಸಿಬಿಡುತ್ತವೆ. ಆಮೇಲೂ ತುಂಬದೆ ಉಳಿದ ಖಾಲಿ ಜಾಗ ಹೆಚ್ಚಾಗಿ ವಿದ್ಯುತ್ತಿನ ಖಾಲಿ ಜಾಗ. ತಗಡಿನ ಪೆಟ್ಟಿಗೆಯ ಬೇಸಿಗೆ ಬಿಸಿಗೆ ಬ್ಯಾಟರಿಯ ಆಯುಷ್ಯ ಇನ್ನೂ ಕಡಿಮೆಯಾಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಯಂತ್ರ ಹಾಕಿದಾಗ ಆಳೆತ್ತರ ಇದ್ದ ಗಿಡ ಈಗ ಮರವಾಗಿ ಫಲಕಕ್ಕೆ ನೆರಳು ಮಾಡುವುದು, ಇಲಿ ತಂತಿ ಕಡಿಯುವುದು, ಅಡ್ಡಮಳೆಯ ಸಿಡಿಲಿಗೆ ಒಳಗಿನ ಹಲಗೆ ಸುಡುವುದು, ಭೂಮಿಗೆ ಇಳಿಸಿದ ತಾಮ್ರದ ತಂತಿಯನ್ನೇ ಯಾರೋ ಕಿತ್ತೊಯ್ಯುವುದು, ಇವೂ ಉಂಟು.

ಇಷ್ಟೆಲ್ಲ ಓದಿ ನಾಳೆಯೇ ಏಣಿ ಹಾಕಿಕೊಂಡು ಯಂತ್ರ ಹತ್ತಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಲಾಳಿಕೆ ತೊಳೆಯಲೆಂದು ಒಂದು ತಂಬಿಗೆ ನೀರು ಹಾಕಿದರೂ ಯಂತ್ರ ಅದನ್ನು ಮಳೆ ಎಂದೇ ಬೆಂಗಳೂರಿಗೆ ಬರೆಯುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಕಾಗದದ ಮೇಲೆ ಕಳ್ಳತನದಂತೆ ಕಾಣುತ್ತದೆ. ಕಳ್ಳತನ ನಡೆದೇ ಇಲ್ಲ ಎನ್ನುವಂತೆಯೂ ಇಲ್ಲ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2016-17ರ ಅವಧಿಯಲ್ಲಿ ಇಬ್ಬರು ಸಾಗುವಳಿದಾರರು ವಿಮೆಯ ಹಣಕ್ಕಾಗಿ ಸರಕಾರಿ ಮಳೆಮಾಪಕಗಳ ತಂತಿ ಕತ್ತರಿಸಿ, ಲಾಳಿಕೆ ಮುಚ್ಚಿ, ಬಿದ್ದ ಮಳೆಯನ್ನು ಮರೆಮಾಚಿ ಸಿಕ್ಕಿಬಿದ್ದರು. ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದರು. ಇಂಥ ಉದಾಹರಣೆ ತೋರಿಸಿಯೇ ನಮ್ಮಲ್ಲೂ ಕೆಲವರು, ರೈತರನ್ನು ಯಂತ್ರದ ಹತ್ತಿರ ಬಿಡಲೇಬಾರದು ಎನ್ನುತ್ತಾರೆ.

ನಾನು ಈ ಮಾತನ್ನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಕೂತು ಆರು ಸಾವಿರ ಲಾಳಿಕೆಗಳ ಕಸ ತೆಗೆಯಲಾಗದು. ದುರಸ್ತಿಯ ಗುತ್ತಿಗೆ ಹಿಡಿದವರ ಇಬ್ಬರು ಹುಡುಗರು ಒಂದು ಬೈಕಿನ ಮೇಲೆ ಒಂದು ಜಿಲ್ಲೆ ಸುತ್ತಿ ಮುಗಿಸುವಷ್ಟರಲ್ಲಿ ಮುಂಗಾರಿ ಮುಗಿದಿರುತ್ತದೆ. ಯಂತ್ರದ ಹತ್ತಿರ ದಿನಾ ಇರುವ ಒಬ್ಬ ಮನುಷ್ಯ ಬೇಕು. ಅಂಥವನು ಪ್ರತಿ ಪಂಚಾಯತಿಯಲ್ಲೂ ಈಗಾಗಲೇ ಇದ್ದಾನೆ. ನಮ್ಮ ವಾಟರ್‌ಮನ್! ದಿನಾ ನಸುಕಿನಲ್ಲೇ ಎದ್ದು ಮೋಟಾರು, ಸ್ಟಾರ್ಟರು, ವಾಲ್ವು ನೋಡುವವನು ಅವನೇ. ವೋಲ್ಟೇಜು ಎಂದರೇನೆಂದು ಅವನಿಗೆ ಯಾರೂ ಪಾಠ ಹೇಳಬೇಕಿಲ್ಲ. ಅವನಿಗೆ ಒಂದು ದಿನದ ತರಬೇತಿ, ಒಂದು ಮೀಟರು, ಒಂದು ದಫ್ತರು ಮತ್ತು ತಿಂಗಳಿಗೆ ಇಂತಿಷ್ಟೆಂದು ಸಂಭಾವನೆ ಕೊಟ್ಟು, ಲಿಖಿತ ಅಧಿಕಾರವನ್ನೂ ಕೊಡಲಿ. ಫಲಕ ಒರೆಸಲಿ, ಟೊಂಗೆ ಕಡಿಯಲಿ, ಲಾಳಿಕೆ ತೆಗೆದ ದಿನ ಗಂಟೆ-ನಿಮಿಷ ಬರೆದು ಅಭಿವೃದ್ಧಿ ಅಧಿಕಾರಿಗಳ ಸಹಿ ಹಾಕಿಸಲಿ. ಆ ಹೊತ್ತಿನ ಎಣಿಕೆಯನ್ನು ಬೆಂಗಳೂರಿನವರು ಲೆಕ್ಕದಿಂದ ಬಿಡಲಿ. ಪುಕ್ಕಟೆ ಮಾಡಿಸಿದರೆ ಆಗದು. ಸಂಬಳವೇ ಸಮಯಕ್ಕೆ ಸಿಗದವನ ಮೇಲೆ ಇನ್ನೊಂದು ಭಾರ ಹೊರಿಸಿದಂತಾಗುತ್ತದೆ.

ಇದರೊಂದಿಗೆ ಪ್ರತಿ ಯಂತ್ರದ ಬದಿಗೆ ಹಳೆಯ ಕೈಯಳತೆಯ ಮಳೆಮಾಪಕವೊಂದು ಇರಲಿ. ಹವಾಮಾನ ಇಲಾಖೆಯವರು ಮಳೆ ಓದುವುದು ಬೆಳಿಗ್ಗೆ 8-30ಕ್ಕೆ. ಅದೇ ಹೊತ್ತಿಗೆ ಅಳೆದು, ಅರಿವು ಕೇಂದ್ರದ ಗೋಡೆಯ ಕಪ್ಪುಹಲಗೆಯ ಮೇಲೆ ಎರಡೂ ಅಂಕಿಗಳನ್ನು ಬರೆದರಾಯಿತು. ಯಂತ್ರ ಕೆಟ್ಟರೂ ತಿಳಿಯುತ್ತದೆ, ಯಾರಾದರೂ ಕೈಯಾಡಿಸಿದರೂ ತಿಳಿಯುತ್ತದೆ. ಊರ ಮುಂದೆ ಬರೆದ ಅಂಕಿಯನ್ನು ಅಳಿಸುವುದು ಸುಲಭವಲ್ಲ.

ವಿಮೆಯ ಬಗ್ಗೆ ಒಂದೇ ಮಾತು. ಮಾಹಿತಿ ಬಾರದ ದಿನಗಳಿಗೆ ಹತ್ತಿರದ ಬದಲಿ ಕೇಂದ್ರದ ಅಂಕಿ ಹಚ್ಚುವ ಏರ್ಪಾಡು ನಿಯಮದಲ್ಲಿದೆ. ಆದರೆ ಯಾವ ದಿನಕ್ಕೆ ಯಾವ ಊರಿನ ಅಂಕಿ ಹಚ್ಚಿದರು ಎಂಬುದು ರೈತನಿಗೆ ತಿಳಿಯುವುದು ಪರಿಹಾರದ ಹಣ ಬಂದಾಗ, ಅಥವಾ ಬಾರದಿದ್ದಾಗ. ಇದನ್ನು ಪ್ರತಿ ತಿಂಗಳೂ ಪಂಚಾಯತಿಯಲ್ಲಿ ಹಚ್ಚಬೇಕು. ಸುದ್ದಿಯೇ ಬಾರದ ಖಾಲಿಯನ್ನು ನಿಯಮ ಗುರುತಿಸುತ್ತದೆ. ನಾನು ಕಂಡ ಆ ಮಂಗಳವಾರದ ಸೊನ್ನೆಯನ್ನು ಮಾತ್ರ ಯಾರೂ ಗುರುತಿಸಲಾರರು. ಕಾಗದದ ಮೇಲೆ ಅದು ಪಕ್ಕಾ ಲೆಕ್ಕದಂತೆಯೇ ಕಾಣುತ್ತದೆ. ಸತ್ತ ಯಂತ್ರಕ್ಕಿಂತ ಸುಳ್ಳು ಹೇಳುವ ಯಂತ್ರಕ್ಕೆ ನಾನು ಹೆಚ್ಚು ಅಂಜುತ್ತೇನೆ.

ಅಲ್ಲಿಯವರೆಗೆ ತಾವು ಮಾಡಬಹುದಾದದ್ದಿಷ್ಟು. ಬುಡದಿಂದ ಬಾಯಿಯವರೆಗೆ ಒಂದೇ ಅಗಲದ ಡಬ್ಬಿಯೊಂದನ್ನು ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟು ದೂರದಲ್ಲಿ, ಗಾಳಿಗೆ ಬೀಳದಂತೆ ಇಡಿ. ಅದರಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ನಿಮ್ಮ ಹೊಲದ ಪ್ರತಿ ಎಕರೆಗೆ ಸುಮಾರು 4,000 ಲೀಟರ್ ನೀರು ಬಿದ್ದಂತೆ. ದಿನಾ ಅಳೆದು ತಾರೀಖು ಹಾಕಿ ಬರೆಯಿರಿ. ಮಳೆ ಇಲ್ಲದ ದಿನ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ. ಈ ಲೆಕ್ಕ ವಿಮೆಗೆ ಸಾಕ್ಷಿಯಾಗಿ ನಡೆಯದಿರಬಹುದು, ಆದರೆ ಯಂತ್ರವನ್ನು ತಪಾಸಣೆ ಮಾಡಿಸಲು ಕಾರಣವಾಗುತ್ತದೆ. ನಿಮ್ಮ ಡಬ್ಬಿಯ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ದೊಡ್ಡ ವ್ಯತ್ಯಾಸ ಬಂದರೆ, ಹಂಗಾಮು ಮುಗಿಯುವವರೆಗೆ ಕಾಯದೆ ಅದೇ ವಾರ ಪಂಚಾಯತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯೊಂದನ್ನು ರೈತ ಸಂಪರ್ಕ ಕೇಂದ್ರಕ್ಕೂ ಮುಟ್ಟಿಸಿ. ಅರ್ಜಿಯಲ್ಲಿ ಯಂತ್ರ ಕೆಟ್ಟಿದೆ ಎಂದಷ್ಟೇ ಬರೆಯಬೇಡಿ. ಯಾವ ತಾರೀಖು, ಎಷ್ಟು ಹೊತ್ತು ಮಳೆ, ಡಬ್ಬಿಯಲ್ಲಿ ಎಷ್ಟು, ಯಂತ್ರದಲ್ಲಿ ಎಷ್ಟು, ಸುದ್ದಿ ರಾತ್ರಿ ಮಾತ್ರ ನಿಲ್ಲುತ್ತದೆಯೋ ಹಗಲೂ ಇಲ್ಲವೋ, ಫಲಕದ ಮೇಲೆ ನೆರಳು ಬೀಳುತ್ತದೆಯೋ, ಇಷ್ಟನ್ನು ಬರೆಯಿರಿ. ದುರಸ್ತಿಗೆ ಬರುವವನು ಬ್ಯಾಟರಿ ಹಿಡಿದುಕೊಂಡು ಬರಬೇಕೋ, ಬರಿಗೈಯಲ್ಲಿ ಬಂದು ಲಾಳಿಕೆ ತೊಳೆದರೆ ಸಾಕೋ ಎಂಬುದು ಆ ನಾಲ್ಕು ಸಾಲಿನಿಂದಲೇ ತಿಳಿಯುತ್ತದೆ. ರೋಹಿಣಿ ಮಳೆಗೆ ಮುಂಚೆ ಒಮ್ಮೆ ಊರವರು ನಾಲ್ಕು ಮಂದಿ ಯಂತ್ರದ ಕೆಳಗೆ ನಿಂತು, ಮುಟ್ಟದೆ, ಕಣ್ಣಿನಿಂದ ನೋಡಿ ಬನ್ನಿ.